ವರ್ನಾ ಪೀಚಿಯ ಬೋಗುಣಿ

"ನೀನು ಯಾರ ಪೈಕಿ?"

ಡಾನೆಲ್ ಕಾರಿನಿಂದ ಇಳಿದು ಇನ್ನೂ ಬಾಗಿಲು ಹಾಕಿರಲಿಲ್ಲ. ಸಿಡ್ನಿಯಿಂದ ಒಂಬತ್ತು ಗಂಟೆ ಒಂದೇ ಸಮ ಓಡಿಸಿಕೊಂಡು ಬಂದು ಅವಳ ಸೊಂಟ ಹಿಡಿದುಕೊಂಡಿತ್ತು. ನೊಣಗಳು ಕಣ್ಣಿಗೇ ಮುತ್ತುತ್ತಿದ್ದವು. ಜಗಲಿಯ ಮೇಲೆ ಕಾಲು ಅಗಲಿಸಿ ನಿಂತಿದ್ದ ಮುದುಕಿಯ ಮೊಣಕೈವರೆಗೂ ಒಣಗಿದ ಜೇಡಿಮಣ್ಣು ಮೆತ್ತಿತ್ತು.

"ಸುಲಿವನ್ ಪೈಕಿ ಆಂಟಿ. ನಮ್ಮಜ್ಜಿ ಡೋರೀನ್ ಸುಲಿವನ್."

"ಯಾವ ಡೋರೀನು? ಹಾಡೋ ಡೋರೀನೋ, ಜಗಳಗಂಟಿ ಡೋರೀನೋ?"

"ಹಾಡೋ ಡೋರೀನ್."

"ಹಂಗಾದ್ರೆ ಒಳಗ್ ಬಾ. ಜಗಳಗಂಟಿ ಮೊಮ್ಮಗಳಾಗಿದ್ರೆ ಅಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸ್ತಿದ್ದೆ. ನನ್ನ ಕಬ್ಬಿಣದ ಬಾಣಲೆ ಇಸ್ಕೊಂಡು ಹೋದೋಳು ಸತ್ತು ಮಣ್ಣಾದ್ಲು, ಬಾಣಲೆ ಮಾತ್ರ ಇವತ್ತಿಗೂ ಬಂದಿಲ್ಲ."

ವರ್ನಾ ಪೀಚಿಗೆ ಎಪ್ಪತ್ತೊಂದು. ಬಾರ್ವನ್ ನದಿಯ ದಂಡೆಯ ಆ ಊರಿನಲ್ಲಿ ಮೂವತ್ತೈದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು, ಐವತ್ತೆಂಟನೇ ವಯಸ್ಸಿನಲ್ಲಿ ಮಣ್ಣು ಹಿಡಿದವಳು. ಆಸ್ಪತ್ರೆಯ ಹಿಂದಿದ್ದ ಹಳೆಯ ಶೆಡ್ಡಿನಲ್ಲಿ ಮಡಕೆ ಸುಡುವ ಒಂದು ಕರೆಂಟಿನ ಗೂಡು ಇಟ್ಟುಕೊಂಡು, ಸೊಂಟದೆತ್ತರದ ಗಡಿಗೆಗಳನ್ನು ಮಾಡುತ್ತಿದ್ದಳು. ಅವುಗಳ ಕಪ್ಪು ಮೈಯನ್ನು ಗೀಚಿ ನದಿ, ಮೀನು, ಎಮು ಹಕ್ಕಿಗಳನ್ನು ಎಬ್ಬಿಸುತ್ತಿದ್ದಳು. ಇನ್ನು ಆರು ವಾರಕ್ಕೆ ಸಿಡ್ನಿಯ ದೊಡ್ಡ ಗ್ಯಾಲರಿಯೊಂದರಲ್ಲಿ ಅವಳ ಏಳು ಗಡಿಗೆಗಳ ಪ್ರದರ್ಶನವಿತ್ತು. ಅದಕ್ಕಾಗಿಯೇ ಡಾನೆಲ್‌ಳ ವಾರಪತ್ರಿಕೆಗೆ ಲೇಖನ ಬೇಕಾಗಿತ್ತು.

"ಬೆಚ್ಚಗಿರೋ ಒಂದು ಲೇಖನ ಬೇಕು," ಎಂದಿದ್ದ ಸಂಪಾದಕ ಡಂಕನ್. "ಅಜ್ಜಿ, ಮಣ್ಣು, ನದಿ. ಓದಿದೋರ ಮನಸ್ಸು ಹಗುರಾಗ್ಬೇಕು. ನೀನು ಬರೆದ್ರೇ ಚೆನ್ನ." ಆ ಕಚೇರಿಯಲ್ಲಿ ಕಪ್ಪು ಜನರ, ಅಂದರೆ ಆ ನೆಲದ ಮೂಲನಿವಾಸಿಗಳ, ವಿಷಯ ಯಾವುದೇ ಬಂದರೂ ನೇರ ಡಾನೆಲ್‌ಳ ಮೇಜಿಗೇ ಬರುತ್ತಿತ್ತು. ಅಲ್ಲಿ ಇದ್ದ ಕಪ್ಪು ಜೀವ ಅವಳೊಬ್ಬಳೇ. ಎಂಟು ವರ್ಷದಿಂದ ಅವಳು ಅದಕ್ಕೆ ಒಗ್ಗಿಹೋಗಿದ್ದಳು.

ಮೊದಲ ದಿನ ವರ್ನಾ ಏನನ್ನೂ ಹೇಳಲಿಲ್ಲ. ಕೆಂಡದ ಮೇಲೆ ರೊಟ್ಟಿ ಬೇಯಿಸಿ, ಮೇಲೆ ಕಾಕಂಬಿ ಸುರಿದು ಕೊಟ್ಟಳು. ಕೇಳಿದ್ದಕ್ಕೆಲ್ಲ, "ಬರ್ಕೊ, ಮುದುಕಿಗೆ ಮಂಡಿ ನೋವು ಅಂತ," ಎಂದಳು. ಎರಡನೆಯ ದಿನ ಮಣ್ಣು ನಾದಲು ಕೂರಿಸಿದಳು. ಮೂರನೆಯ ದಿನ, ಪ್ರದರ್ಶನದ ಕುರಿತು ಕೇಳೋಣವೆಂದು ಡಾನೆಲ್ ಫೋನಿನಲ್ಲಿ ಗ್ಯಾಲರಿಯ ಪುಸ್ತಿಕೆ ತೆರೆದಳು.

"'ಎರಡು ಕೈ, ಒಂದೇ ಮಣ್ಣು' ಅಂತ ಹೆಸರಿಟ್ಟಿದ್ದಾರೆ ಆಂಟಿ. ನಿಮ್ಮ ಗಡಿಗೆ ಪಕ್ಕದಲ್ಲಿ ಲಿಂಡ್ಸೆ ಹಾರೋಗೇಟ್ ಅನ್ನೋರ ಬೋಗುಣಿಗಳು ಇರ್ತಾವಂತೆ. ನಿಮಗೆ ಗೊತ್ತಲ್ವಾ?"

"ಯಾರೋ ಹಳೇ ಬಿಳಿ ಕುಂಬಾರ ಅಂದಿದ್ರು. ಹೆಸರು ಹೇಳಿರ್ಲಿಲ್ಲ." ವರ್ನಾ ತಿರುಗಿಸುತ್ತಿದ್ದ ತಿಗರಿ ನಿಂತಿತು. "ಏನಂದೆ ಹೆಸರು?"

"ಹಾರೋಗೇಟ್. ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ಮೂರು ಪದರದ ಬೋಗುಣಿ ಅಂತ ಇವರದ್ದು ಲಂಡನ್ನಿನಲ್ಲೂ ಹೆಸರಾಗಿತ್ತಂತೆ. ನೋಡಿ."

ವರ್ನಾ ಒದ್ದೆ ಕೈಯಲ್ಲೇ ಫೋನು ಕಸಿದುಕೊಂಡಳು. ಪರದೆಯ ಮೇಲೆ ಒಂದು ಅಗಲ ಬಾಯಿಯ ಬೋಗುಣಿ. ಹೊರಗೆ ಕಡುಗಪ್ಪು, ಗೀಚಿದಲ್ಲೆಲ್ಲ ನೀಲಿ ಹಸಿರು, ಇನ್ನೂ ಆಳಕ್ಕೆ ಗೀಚಿದಲ್ಲಿ ಹಾಲಿನ ಬಿಳುಪು. ಓಡುವ ಎಮುಗಳು, ಕೆಳಗೆ ನದಿಯ ತಿರುವು. ಅಡಿಯಲ್ಲಿ: ಲಿಂಡ್ಸೆ ಹಾರೋಗೇಟ್, ೧೯೬೮.

ಅವಳು ಅದನ್ನು ಬಹಳ ಹೊತ್ತು ನೋಡಿದಳು. ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ದವಡೆಯ ಮೂಳೆಗಳು ಮಾತ್ರ ಎದ್ದು ಬಂದವು.

"ಇದು ನಂದು," ಅಂದಳು.

"ಏನು ಆಂಟಿ?"

"ಕಿವಿ ಕೇಳಿಸಲ್ವಾ? ಇದು ನಾನ್ ಮಾಡಿದ್ದು! ಈ ಗೆರೆ ನಂದು. ಈ ಹಕ್ಕಿ ಕಾಲು ನಂದು. ಹದಿನೈದು ವರ್ಷ ನನಗೆ ಆಗ."

ಎದ್ದು ಹೋಗಿ ಬೀರುವಿನಿಂದ ಒಂದು ಉಣ್ಣೆಯ ಕಾಲುಚೀಲ ತಂದಳು. ಒಳಗಿದ್ದದ್ದು ಕೆತ್ತಿದ ಎಮು ಮೊಟ್ಟೆ. ಅಂಗೈ ತುಂಬುವಷ್ಟು ದೊಡ್ಡದು, ಕಡುಗಪ್ಪು ಹಸಿರು ಬಣ್ಣದ್ದು. ಅದರ ಮೇಲೂ ಎಮುಗಳು ಓಡುತ್ತಿದ್ದವು, ಅದರ ಕೆಳಗೂ ಅದೇ ನದಿಯ ತಿರುವು.

"ನಮ್ಮಜ್ಜ ಆಲ್ಬಿದು. ಚಾಕು ತುದಿಯಲ್ಲಿ ಕೆರೀತಿದ್ದ. ಮೇಲಿನ ಚಿಪ್ಪು ಕಪ್ಪು, ಅದರ ಕೆಳಗೆ ಈ ನೀಲಿ ಹಸಿರು, ಅದರ ಕೆಳಗೆ ಬಿಳಿ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದ್ರಲ್ಲೇ ಇರೋದು ಕೆಲಸ. ಜಾಸ್ತಿ ಒತ್ತಿದ್ರೆ ಮೊಟ್ಟೆ ಒಡೀತು. ನಾನು ಅವನ ತೊಡೆ ಮೇಲೆ ಕೂತು ನೋಡ್ತಿದ್ದೆ. ಒಂಬತ್ತು ವರ್ಷಕ್ಕೆ ವೆಲ್‌ಫೇರ್‌ನೋರ ಕಾರು ಬಂತು. ಕಪ್ಪು ಮಕ್ಕಳನ್ನ ಮನೆಯಿಂದ ಕಿತ್ಕೊಂಡು ಹೋಗ್ತಿದ್ದ ಸರ್ಕಾರದೋರು ಅವರು."

ಮುಂದಿನದನ್ನು ಅವಳು ಸರಸರ ಹೇಳಿ ಮುಗಿಸಿದಳು. ಹೆಣ್ಣುಮಕ್ಕಳ ಹಾಸ್ಟೆಲು. ನೆಲ ಉಜ್ಜುವುದು, ಬಟ್ಟೆ ಒಗೆಯುವುದು. ಹದಿನೈದಕ್ಕೆ ಸಿಡ್ನಿಯ ಹೊರಗಿದ್ದ ಹಾರೋಗೇಟ್‌ನ ಕುಂಬಾರಿಕೆಯ ಶೆಡ್ಡಿಗೆ ಕಸ ಗುಡಿಸಲು ಕಳಿಸಿದರು. ಒಂದು ದಿನ, ಯಾರೋ ಬಿಸಾಡಿದ್ದ ಬಟ್ಟಲೊಂದಕ್ಕೆ ಅವಳು ಬಿಳಿ ತಿಳಿಮಣ್ಣು ಬಳಿದು, ಒಣಗಿಸಿ, ಮೇಲೆ ನೀಲಿ ಹಸಿರು ಬಳಿದು, ಅದರ ಮೇಲೆ ಕಪ್ಪು ಬಳಿದು, ಮೊಳೆಯಿಂದ ಅಜ್ಜನ ಹಾಗೆ ಗೀಚಿದಳು. ಯಜಮಾನ ನೋಡಿದ. ಮರುದಿನದಿಂದ ಪೊರಕೆ ಬೇರೆಯವಳ ಕೈಗೆ ಹೋಯಿತು.

"ಎರಡು ವರ್ಷ ಗೀಚಿದೆ ಮಗಾ. ಅದೆಲ್ಲ ಒಡೆದು ಹೋಗಿರುತ್ತೆ ಅಂದ್ಕೊಂಡಿದ್ದೆ. ಇವರು ಗಾಜಿನ ಪೆಟ್ಟಿಗೇಲಿಟ್ಟು ಪೂಜೆ ಮಾಡ್ತಿದ್ದಾರೆ!"

ಡಾನೆಲ್ ಪುಸ್ತಿಕೆಯನ್ನು ಮತ್ತೆ ಓದಿದಳು. ಮೂರು ಪದರದ ವಿಧಾನ ಹಾರೋಗೇಟ್‌ಗೆ ಮರುಭೂಮಿಯ ಇರುಳಿನ ಆಕಾಶ ನೋಡಿ ಹೊಳೆದದ್ದಂತೆ. ಓದುತ್ತ ಅವಳ ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಆ ಬೋಗುಣಿಯ ಚಿತ್ರ ಅಂಟಿಸಿ ಅವಳೂ ಎರಡು ಪುಟದ ಪ್ರಬಂಧ ಬರೆದಿದ್ದಳು.

"ಆಂಟಿ, ನಿಮ್ಮ ಮಾತು ನಾನು ನಂಬ್ತೀನಿ. ಆದ್ರೆ ಪತ್ರಿಕೆಯೋರು ಕಾಗದ ಕೇಳ್ತಾರೆ. ಸರ್ಕಾರದ ಹತ್ರ ನಿಮ್ಮ ಫೈಲ್ ಇರುತ್ತೆ. ನೀವು ಸಹಿ ಹಾಕಿದ್ರೆ ಮಾತ್ರ ಕೊಡ್ತಾರೆ."

ಆ ಫೈಲನ್ನು ವರ್ನಾ ಐವತ್ತು ವರ್ಷ ಕೇಳಿರಲಿಲ್ಲ. "ಅವರು ನನ್ನ ಬಗ್ಗೆ ಬರೆದಿದ್ದನ್ನ ನಾನ್ಯಾಕೆ ಓದ್ಲಿ?" ಎಂದು ಶೆಡ್ಡಿನಲ್ಲಿ ಅತ್ತಿತ್ತ ತಿರುಗಾಡಿದಳು. ಕೊನೆಗೆ ಪೆನ್ನು ಕಸಿದುಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದಳು.

ಫೈಲು ಬರಲು ಹದಿನೆಂಟು ದಿನ ಹಿಡಿಯಿತು. ಡಾನೆಲ್ ಅದನ್ನು ತೆರೆಯದೆ ಒಂಬತ್ತು ಗಂಟೆ ಓಡಿಸಿಕೊಂಡು ಬಂದು, ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. 'ಹುಡುಗಿ ಮೊಂಡು. ಮಾತಿಗೆ ಮಾತು ಕೊಡುತ್ತಾಳೆ. ತಾಯಿ ಬರೆದ ಪತ್ರಗಳನ್ನು ತಡೆಹಿಡಿಯಲಾಗಿದೆ.'

"ನಿಲ್ಸು," ಎಂದಳು ವರ್ನಾ. "ಪತ್ರ ಬರ್ದಿದ್ಲಾ ಅಮ್ಮ?"

"ಹನ್ನೊಂದು ಅಂತಿದೆ ಆಂಟಿ."

ವರ್ನಾ ಚಹಾದ ಲೋಟವನ್ನು ಅಂಗಳಕ್ಕೆ ಬೀಸಿ ಎಸೆದಳು. ಅದು ನೀರಿನ ಟ್ಯಾಂಕಿಗೆ ಬಡಿದು ಒಡೆಯಿತು. ಇಡೀ ಬೀದಿಯ ನಾಯಿಗಳು ಬೊಗಳಿದವು. "ಮುಂದೆ ಓದು," ಎಂದಳು.

ಕೊನೆಯಿಂದ ನಾಲ್ಕನೆಯ ಹಾಳೆ, ಹಾರೋಗೇಟ್ ತಾನೇ ಹಾಸ್ಟೆಲಿನ ಮೇಟ್ರನ್‌ಗೆ ಬರೆದ ಕಾಗದ. ಡಾನೆಲ್ ಅದನ್ನೂ ಗಟ್ಟಿಯಾಗಿ ಓದಿದಳು.

'ವರ್ನಾ ಎಂಬ ಹುಡುಗಿಯನ್ನು ಇನ್ನೊಂದು ವರ್ಷ ನನ್ನಲ್ಲೇ ಬಿಡಬೇಕೆಂದು ಕೋರುತ್ತೇನೆ. ಪದರಗಳನ್ನು ಬಳಿದು ಗೀಚುವ ವಿದ್ಯೆ ಅವಳದೇ. ಪಕ್ಕದಲ್ಲಿ ಕೂತು ಎಷ್ಟು ಸಲ ನೋಡಿದರೂ ಅದು ನನ್ನ ಕೈಗೆ ಹತ್ತಿಲ್ಲ. ಲಂಡನ್ನಿನ ಪ್ರದರ್ಶನಕ್ಕೆ ಇಪ್ಪತ್ತು ಬೋಗುಣಿ ಕಳಿಸುವುದಾಗಿ ಒಪ್ಪಿಕೊಂಡಿದ್ದೇನೆ. ಅವಳಿಲ್ಲದೆ ಒಂದೂ ಆಗುವುದಿಲ್ಲ.'

"ಗೊತ್ತಿತ್ತು ಅವನಿಗೆ," ಎಂದಳು ವರ್ನಾ. "ಬಾಯಿಬಿಟ್ಟು ಬರ್ದಿದ್ದಾನೆ ನಾಯಿ." ಡಾನೆಲ್ ಕಡೆ ತಿರುಗಿ, "ನೀನು ಇದನ್ನ ಇದ್ದದ್ದು ಇದ್ದ ಹಾಗೆ ಬರೀತೀಯಾ?" ಎಂದು ಕೇಳಿದಳು.

"ಬರೀತೀನಿ ಆಂಟಿ."

"ಅಳೋ ಮುದುಕಿ ಕಥೆ ಬೇಡ. ಮಣ್ಣು ಮುಟ್ಟಿದ್ರೆ ಸಿಟ್ಟು ಇಳಿಯುತ್ತೆ ಅಂತ ಪಟ್ಟಣದೋರೆಲ್ಲ ಹೇಳ್ತಾರೆ. ಬರೀ ಸುಳ್ಳು. ಮಣ್ಣು ಮುಟ್ಟಿದಷ್ಟೂ ನನಗೆ ಸಿಟ್ಟು ಏರುತ್ತೆ. ಅದಕ್ಕೇ ನನ್ನ ಗಡಿಗೆ ಅಷ್ಟು ದೊಡ್ಡವು. ಇದನ್ನೂ ಬರ್ಕೊ."

ಡಾನೆಲ್ ಬರೆದುಕೊಂಡಳು. ಐದು ದಿನ ಕೂತು ಲೇಖನ ಮುಗಿಸಿ, ಮೊದಲಿನಿಂದ ಕೊನೆಯವರೆಗೆ ಫೋನಿನಲ್ಲಿ ವರ್ನಾಳಿಗೆ ಓದಿ ಹೇಳಿದಳು. ವರ್ನಾ ಎರಡೇ ತಿದ್ದುಪಡಿ ಹೇಳಿದಳು. ಒಂದು ಅಜ್ಜನ ಚಾಕುವಿನ ಹಿಡಿಯ ಬಗ್ಗೆ, ಇನ್ನೊಂದು ಅಮ್ಮನ ಹೆಸರಿನ ಬಗ್ಗೆ. "ಸರಿಯಾಗಿದೆ ಮಗಾ," ಎಂದಳು. ಆ ಒಂದು ಮಾತಿಗೆ ಡಾನೆಲ್‌ಳ ಎದೆ ತುಂಬಿಬಂತು.

ಬುಧವಾರ ಡಂಕನ್ ಕರೆದ. ಹೊಗಳಿದ, ಚೆನ್ನಾಗಿಯೇ ಹೊಗಳಿದ. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿದ.

"ವಕೀಲರು ಗಾಬರಿಯಾಗಿದ್ದಾರೆ. ಒಂದು ಕಾಗದದ ಮೇಲೆ ದೇಶದ ದೊಡ್ಡ ಕುಂಬಾರನ್ನ ಕಳ್ಳ ಅನ್ನೋಕಾಗುತ್ತಾ?"

"ಅವನೇ ಬರ್ದಿರೋ ಕಾಗದ ಅದು."

"ಹಾರೋಗೇಟ್ ಮನೆಯೋರೇ ಆ ಗ್ಯಾಲರಿಗೆ ಹೊಸ ಕಟ್ಟಡ ಕಟ್ಟಿಸಿಕೊಟ್ಟಿರೋದು. ಸ್ವಲ್ಪ ಮೆತ್ತಗೆ ಮಾಡೋಣ."

"ಒಂದು ಸಾಲೂ ಬದಲಾಯಿಸಬೇಡಿ. ಆಗಲ್ಲ ಅಂದ್ರೆ ಹಾಕ್ಲೇಬೇಡಿ. ನಾನು ಆಂಟಿಗೆ ಮಾತು ಕೊಟ್ಟಿದ್ದೀನಿ."

"ನೋಡೋಣ, ನೋಡೋಣ," ಎಂದ ಡಂಕನ್, ಮಗುವನ್ನು ಸಮಾಧಾನ ಮಾಡುವವನ ಹಾಗೆ.

ಶನಿವಾರ ಬೆಳಿಗ್ಗೆ ಹಾಲು ತರಲು ಹೋದವಳಿಗೆ ಅಂಗಡಿಯ ಬಾಗಿಲಲ್ಲೇ ಮುಖಪುಟ ಕಂಡಿತು. ವರ್ನಾಳ ನಗುಮುಖ. ಅದರ ಮೇಲೆ 'ಕ್ಷಮಿಸಿದ ಕೈಗಳು'. ಡಾನೆಲ್ ಅಲ್ಲೇ ಫ್ರಿಜ್ಜಿಗೆ ಒರಗಿ ಓದಿದಳು. ಕಾಗದ ಇರಲಿಲ್ಲ. ಅಜ್ಜ ಆಲ್ಬಿ ಇರಲಿಲ್ಲ. ಅಮ್ಮನ ಹನ್ನೊಂದು ಪತ್ರಗಳಿರಲಿಲ್ಲ. ಹಾರೋಗೇಟ್ 'ಅನಾಥ ಬಾಲೆಯ ಕೈಗೆ ಮೊದಲ ಹಿಡಿ ಮಣ್ಣು ಕೊಟ್ಟ ಗುರು' ಆಗಿದ್ದ. ಪುಟದ ನಡುವೆ, ದೊಡ್ಡ ಅಕ್ಷರದಲ್ಲಿ, ಚೌಕಟ್ಟಿನೊಳಗೆ: '"ಮಣ್ಣು ಮುಟ್ಟಿದ್ರೆ ಸಿಟ್ಟು ಇಳಿಯುತ್ತೆ," ಎನ್ನುತ್ತಾರೆ ವರ್ನಾ ಪೀಚಿ.'

ಕೆಳಗೆ ಬರೆದವರ ಹೆಸರು: ಡಾನೆಲ್ ಸುಲಿವನ್.

ಅವಳು ವರ್ನಾಳಿಗೆ ಏಳು ಸಲ ಫೋನು ಮಾಡಿದಳು. ಏಳು ಸಲವೂ ಎತ್ತಲಿಲ್ಲ. ಎಂಟನೆಯ ಸಲ ಎತ್ತಿದ ವರ್ನಾ ಹಾಗೇ ಇಟ್ಟುಬಿಟ್ಟಳು.

ಸೋಮವಾರ ಕಚೇರಿಯ ನಡುಮಧ್ಯೆ ಡಾನೆಲ್ ಡಂಕನ್‌ನ ಮುಂದೆ ಪತ್ರಿಕೆ ಎಸೆದಳು. ಎಲ್ಲರೂ ತಲೆ ಎತ್ತಿ ನೋಡಿದರು.

"ಅವರ ಮಾತನ್ನ ಅರ್ಧಕ್ಕೆ ಕತ್ತರಿಸಿ ಉಲ್ಟಾ ಮಾಡಿದ್ದು ಯಾರು?"

"ಸ್ವಲ್ಪ ಮೆಲ್ಲಗೆ ಮಾತಾಡು. ಜಾಗ ಕಡಿಮೆ ಇತ್ತು..."

"'ಬರೀ ಸುಳ್ಳು' ಅನ್ನೋ ಎರಡು ಪದಕ್ಕೆ ಜಾಗ ಇರ್ಲಿಲ್ವಾ? ನನ್ನ ಹೆಸರು ಹಾಕೋಕೆ ಮಾತ್ರ ಇತ್ತಾ?"

"ಓದುಗರು ಎಷ್ಟು ಮೆಚ್ಚಿದ್ದಾರೆ ಗೊತ್ತಾ ನಿನಗೆ? ಮುನ್ನೂರು ಜನ ಬರ್ದಿದ್ದಾರೆ. ಕೆಲವರು ಅತ್ತಿದ್ದಾರಂತೆ."

"ಅಳಲಿ! ಅವರಿಗೆ ಅಳೋಕೊಂದು ಮುದುಕಿ ಬೇಕಿತ್ತು, ಸಿಕ್ಕಿದ್ಲು." ಅವಳು ಕತ್ತಿನ ಗುರುತಿನ ಪಟ್ಟಿಯನ್ನು ಕಿತ್ತು ಅವನ ಕಾಫಿಯ ಪಕ್ಕ ಇಟ್ಟಳು. ಎಂಟು ವರ್ಷ ಕೆಲಸ ಮಾಡಿದ ಜಾಗದಿಂದ ಅವಳು ತೆಗೆದುಕೊಂಡು ಹೋದದ್ದು ಫೈಲಿನ ನಕಲು ಮತ್ತು ಒಂದು ಚಹಾ ಲೋಟ.

ಅವತ್ತೇ ಹೊರಟಳು. ವರ್ನಾ ಜಗಲಿಯ ಮೇಲೆ ಮೊದಲ ದಿನ ನಿಂತ ಹಾಗೆಯೇ ನಿಂತಿದ್ದಳು, ಆದರೆ ಈ ಸಲ ಯಾರ ಪೈಕಿ ಎಂದು ಕೇಳಲಿಲ್ಲ. ಅಲ್ಲಿನ ಅಂಗಡಿಯವಳು ಲೇಖನವನ್ನು ಊರವರೆಲ್ಲರ ಮುಂದೆ ಓದಿ ಹೇಳಿದ್ದಳಂತೆ.

"ಆಂಟಿ, ಎಡಿಟರ್..." ಎಂದು ಶುರು ಮಾಡಿದ ಡಾನೆಲ್, ತನ್ನ ಮಾತು ತನಗೇ ಹೇಸಿಗೆಯಾಗಿ ಬಾಯಿ ಮುಚ್ಚಿಕೊಂಡಳು.

"ಹೇಳು, ಹೇಳು. ಎಡಿಟರ್ ಮಾಡಿದ, ನಾನಲ್ಲ ಅನ್ನು. ಮೇಟ್ರನ್ನೂ ಹಂಗೇ ಅಂತಿದ್ಲು, ನಾನಲ್ಲ, ಮೇಲಿನೋರು ಅಂತ. ಆ ಹಾರೋಗೇಟ್ ನನ್ನ ಗೆರೆ ತಗೊಂಡ. ನೀನು ನನ್ನ ಮಾತು ತಗೊಂಡೆ. ಅವನು ಬಿಳಿಯ, ಅವನಿಂದ ನಾನು ಏನೂ ಬಯಸಿರ್ಲಿಲ್ಲ. ನೀನು ಡೋರೀನ್ ಮೊಮ್ಮಗಳು!"

ಡಾನೆಲ್ ಅಂಗಳದಲ್ಲೇ ನಿಂತಿದ್ದಳು. ನೊಣ ಓಡಿಸಲೂ ಕೈ ಎತ್ತಲಿಲ್ಲ. "ನನ್ನದೇ ತಪ್ಪು ಆಂಟಿ. ಅಂಥೋರ ಕೈಗೆ ನಾನೇ ಕೊಟ್ಟೆ. ಕೆಲಸ ಬಿಟ್ಟು ಬಂದೆ, ಅದರಿಂದ ನಿಮಗೇನೂ ಆಗಲ್ಲ ಅಂತ ಗೊತ್ತು. ಏನ್ ಮಾಡ್ಬೇಕು ಹೇಳಿ."

ವರ್ನಾ ಜಗಲಿಯಿಂದ ಅಂಗಳಕ್ಕೆ ಇಳಿದು ಬಂದಳು.

"ಲಾರಿ ಓಡಿಸೋಕೆ ಬರುತ್ತಾ?"

"ಸಣ್ಣದಾದ್ರೆ ಬರುತ್ತೆ."

"ನನ್ನ ತಮ್ಮನ ಮಗನ ಲಾರಿ ಇದೆ. ಮನೇಲಿರೋ ಕಂಬಳಿ ಎಲ್ಲ ತುಂಬು. ಗುರುವಾರ ಪ್ರದರ್ಶನ ಶುರು ಅಲ್ವಾ? ಬುಧವಾರ ಗ್ಯಾಲರಿಯಿಂದ ನನ್ನ ಗಡಿಗೆ ಮನೆಗೆ ಬರ್ತಾವೆ."

ದಾರಿಯುದ್ದಕ್ಕೂ ವರ್ನಾ ಅವಳೊಂದಿಗೆ ನಾಲ್ಕು ಮಾತಾಡಿದ್ದರೆ ಹೆಚ್ಚು. ಪೆಟ್ರೋಲ್ ಬಂಕಿನಲ್ಲಿ ಎರಡು ಮಾಂಸದ ಕಡುಬು ಕೊಂಡು, ಒಂದನ್ನು ಡಾನೆಲ್‌ಳ ತೊಡೆಯ ಮೇಲೆ ಎಸೆದು, "ತಿನ್ನು, ತೂಕಡಿಸಿ ಮರಕ್ಕೆ ಗುದ್ದೀಯ," ಎಂದಳು.

ಗ್ಯಾಲರಿಯ ಆ ಹಜಾರದಲ್ಲಿ ಕೆಲಸಗಾರರು ದೀಪ ಜೋಡಿಸುತ್ತಿದ್ದರು. ವರ್ನಾಳ ಏಳು ಗಡಿಗೆಗಳು ಬಿಳಿ ಪೀಠಗಳ ಮೇಲೆ ನಿಂತಿದ್ದವು. ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಆ ಬೋಗುಣಿ. ಗ್ಯಾಲರಿಯ ಮುಖ್ಯಸ್ಥೆ ಫಿಲಿಪಾ ಎರಡೂ ಕೈ ಚಾಚಿಕೊಂಡು ಬಂದಳು.

"ವರ್ನಾ! ನಾಳೆ ಬರ್ತೀರಿ ಅಂದ್ಕೊಂಡಿದ್ವಿ. ಲೇಖನ ಎಷ್ಟು ಚೆನ್ನಾಗಿತ್ತು! ನನಗಂತೂ ಕಣ್ಣೀರೇ ಬಂತು."

"ಪೆಟ್ಟಿಗೆ ತೆಗಿ," ಎಂದಳು ವರ್ನಾ. "ಅದನ್ನ ಕೈಯಲ್ಲಿ ಹಿಡೀಬೇಕು."

"ಅದು... ಸಾಧ್ಯ ಇಲ್ಲ. ತುಂಬಾ ನಾಜೂಕು. ಕೈಗವಸು ಹಾಕ್ಕೊಂಡ ನಮ್ಮ ಸಿಬ್ಬಂದಿ ಮಾತ್ರ ಮುಟ್ಟಬಹುದು."

"ಅದನ್ನ ಮಾಡ್ವಾಗ ನನಗೆ ಯಾವನೂ ಕೈಗವಸು ಕೊಡ್ಲಿಲ್ಲ ಕಣಮ್ಮಾ. ಬಣ್ಣದ ಪುಡಿಗೆ ಬೆರಳು ಬಿರಿದು ರಕ್ತ ಬರ್ತಿತ್ತು. ರಾತ್ರಿ ಕೊಬ್ಬು ಸವರ್ಕೊಂಡು ಮಲಗ್ತಿದ್ದೆ. ಈಗ ನಾನು ಮುಟ್ಟಿದ್ರೆ ಅದು ಹಾಳಾಗುತ್ತಾ?"

ಹಜಾರದಲ್ಲಿ ಡ್ರಿಲ್ಲಿನ ಸದ್ದು ನಿಂತಿತು. ಡಾನೆಲ್ ಕಾಗದದ ನಕಲನ್ನು ಫಿಲಿಪಾಳ ಕೈಗೆ ಕೊಟ್ಟಳು. ಫಿಲಿಪಾ ಓದಿದಳು, ಮತ್ತೆ ಓದಿದಳು. ಕತ್ತಿನ ಮೇಲೆ ಕೆಂಪು ಮಚ್ಚೆಗಳು ಎದ್ದವು.

"ಇದನ್ನ... ಪರಿಶೀಲಿಸಬೇಕಾಗುತ್ತೆ. ಒಂದು ಸಮಿತಿ ಮಾಡಿ, ಹಾರೋಗೇಟ್ ಮನೆಯೋರ ಜೊತೆ ಕೂತು..."

"ಕೂತ್ಕೊಳ್ಳಿ, ಬೇಕಾದಷ್ಟು ಕೂತ್ಕೊಳ್ಳಿ. ಅದರ ಕೆಳಗೆ ನನ್ನ ಹೆಸರು ಹಾಕೋವರೆಗೂ ಅವನ ಪಕ್ಕ ನನ್ನ ಗಡಿಗೆ ನಿಲ್ಲಲ್ಲ. ಡಾನೆಲ್, ಹಿಡಿ ಆ ಗಡಿಗೇನ."

"ವರ್ನಾ, ಕರಾರಿಗೆ ಸಹಿ ಹಾಕಿದ್ದೀರಿ! ನಾಳೆ ಇನ್ನೂರು ಜನ ಬರ್ತಿದ್ದಾರೆ!"

"ಪೊಲೀಸ್ ಕರಿ. ನಮ್ಮನ್ನ ಎತ್ಕೊಂಡು ಹೋಗೋದು ಅವರಿಗೆ ಹೊಸದೇನಲ್ಲ. ಅವರು ಬರೋವರೆಗೆ ಪುರುಸೊತ್ತಿದೆ."

ಒಂದೊಂದು ಗಡಿಗೆಯೂ ಒಂದು ಕುರಿಯಷ್ಟು ತೂಕ. ಡಾನೆಲ್ ತಳ ಹಿಡಿದಳು, ವರ್ನಾ ಬಾಯಿ ಹಿಡಿದಳು. ಎರಡನೆಯದನ್ನು ಎತ್ತುವ ಹೊತ್ತಿಗೆ ವರ್ನಾಳ ಮಂಡಿ ಕುಸಿಯಿತು. ಏಣಿಯ ಮೇಲಿದ್ದ ಕೆಲಸಗಾರನೊಬ್ಬ ಇಳಿದು ಬಂದು, ಫಿಲಿಪಾಳ ಮುಖ ನೋಡದೆ, "ಬಿಡಿ ಅಮ್ಮಾ, ನಾನು ಹಿಡೀತೀನಿ," ಎಂದ. ಆಮೇಲೆ ಇನ್ನಿಬ್ಬರು ಬಂದರು. ಏಳನೆಯ ಗಡಿಗೆ ಕಂಬಳಿಯೊಳಗೆ ಸೇರಿದಾಗ ಹಜಾರದಲ್ಲಿ ಏಳು ಬೋಳು ಪೀಠಗಳೂ ಒಂದು ಬೋಗುಣಿಯೂ ಉಳಿದಿದ್ದವು.

ಡಾನೆಲ್ ಆ ವಾರವೇ ಪೂರ್ತಿ ಲೇಖನವನ್ನು ಕಾಗದದ ಚಿತ್ರದೊಂದಿಗೆ ಮರ್ರಿಗಳು, ಅಂದರೆ ಅಲ್ಲಿನ ಮೂಲನಿವಾಸಿಗಳೇ, ನಡೆಸುವ ಸಣ್ಣ ವಾರಪತ್ರಿಕೆಯೊಂದಕ್ಕೆ ಕೊಟ್ಟಳು. 'ಬರೀ ಸುಳ್ಳು' ಎಂಬುದೇ ತಲೆಬರಹ. ಅಚ್ಚಿಗೆ ಹೋಗುವ ಮುನ್ನ ಪುಟಗಳನ್ನು ಹೊತ್ತುಕೊಂಡು ಹೋಗಿ ವರ್ನಾಳ ಮುಂದೆ ಹರಡಿದಳು. ವರ್ನಾ ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿ, "ಹೋಗ್ಲಿ," ಎಂದಳು.

ಅದು ಹೋಯಿತು, ಬಹಳ ದೂರ ಹೋಯಿತು. ಟೀವಿಯವರು ಬಂದರು. ಹಾರೋಗೇಟ್‌ನ ಮಗ 'ಆ ಕಾಲವೇ ಹಾಗಿತ್ತು' ಎಂದು ಹೇಳಿಕೆ ಕೊಟ್ಟ. "ಕಾಲ ಬಂದು ಗೀಚ್ತಾ ಬೋಗುಣಿನ?" ಎಂದು ವರ್ನಾ ಟೀವಿಯವರ ಮುಖಕ್ಕೇ ಕೇಳಿದಳು. ಡಂಕನ್‌ನ ಪತ್ರಿಕೆ ಎಂಟನೆಯ ಪುಟದ ಮೂಲೆಯಲ್ಲಿ ಮೂರು ಸಾಲಿನ ವಿಷಾದ ಪ್ರಕಟಿಸಿತು. ಡಾನೆಲ್‌ಗೆ ಆ ಸಣ್ಣ ಪತ್ರಿಕೆಯಲ್ಲಿ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತು. ವರ್ನಾ ಅವಳನ್ನು ಮಗಾ ಎಂದು ಮತ್ತೆ ಕರೆಯಲು ಚಳಿಗಾಲ ಬರಬೇಕಾಯಿತು.

ಐದು ತಿಂಗಳ ಮೇಲೆ ಫಿಲಿಪಾಳಿಂದ ಹೊಸ ಫಲಕದ ಚಿತ್ರ ಬಂತು. ಶೆಡ್ಡಿನಲ್ಲಿ ವರ್ನಾ ಮಣ್ಣು ನಾದುತ್ತಿದ್ದಳು. ಡಾನೆಲ್ ಫೋನನ್ನು ಅವಳ ಕಣ್ಣಿನ ಹತ್ತಿರ ಹಿಡಿದು ಓದಿದಳು.

"'ವರ್ನಾ ಪೀಚಿ. ಬೋಗುಣಿ, ೧೯೬೮. ಅಜ್ಜ ಆಲ್ಬಿ ಪೀಚಿಯವರ ಎಮು ಮೊಟ್ಟೆ ಕೆತ್ತನೆಯಿಂದ ಕಲಿತ ವಿಧಾನ. ಕಲಾವಿದೆ ತಮ್ಮ ಹದಿನಾರನೆಯ ವಯಸ್ಸಿನಲ್ಲಿ ಲಿಂಡ್ಸೆ ಹಾರೋಗೇಟ್ ಅವರ ಕುಂಬಾರಿಕೆಯಲ್ಲಿ ತಯಾರಿಸಿದ್ದು.'"

ವರ್ನಾಳ ಕೈ ನಿಂತಿತು.

"ಹದಿನಾರಂತೆ," ಎಂದಳು ವರ್ನಾ. "ಹದಿನೈದು ನನಗೆ! ಹಕ್ಕಿ ಬೋಗುಣಿ ಮಾಡಿದ್ದು ಬೇಸಗೇಲಿ, ನನ್ನ ಹುಟ್ಟಿದಬ್ಬಕ್ಕೆ ಮುಂಚೆ. ಐವತ್ತೈದು ವರ್ಷ ಕಾದಿದ್ದಕ್ಕೆ ಒಂದು ಲೆಕ್ಕ ನೆಟ್ಟಗೆ ಬರೆಯೋಕಾಗ್ಲಿಲ್ವಾ ಅವರ ಕೈಲಿ? ಫೋನ್ ಹಚ್ಚು."

"ಈಗ್ಲೇನಾ ಆಂಟಿ?"

"ಈಗ್ಲೇ. ಜೋರಾಗಿ ಕೇಳಿಸೋ ಹಂಗೆ ಇಡು."

ಡಾನೆಲ್ ನಂಬರು ಒತ್ತಿ ಫೋನನ್ನು ಮಣ್ಣಿನ ಹಲಗೆಯ ಮೇಲಿಟ್ಟಳು. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಿತ್ತು. ವರ್ನಾ ಮುಷ್ಟಿ ಬಿಗಿದು ಮಣ್ಣಿನ ಮುದ್ದೆಯನ್ನು ಮತ್ತೆ ಗುದ್ದತೊಡಗಿದಳು.